ಮೂರು ಹಕ್ಕಿಗೆ ಒಂದೇ ಕೋವಿ

ಪರದೇಶಕ್ಕೆ ಹೊರಟವರು ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ತುಂಬಿಕೊಳ್ಳಲಿ, ಸಾರಿನಪುಡಿ ತುಂಬಿಕೊಳ್ಳಲಿ, ಊರಿನ ಕೀರ್ತಿಯನ್ನು ಮಾತ್ರ ತುಂಬಿಕೊಳ್ಳಬಾರದು. ಉಪ್ಪಿನಕಾಯಿ ಸೋರಿದರೆ ಹೆಚ್ಚೆಂದರೆ ಒಂದು ಅಂಗಿ ಹಾಳು. ಕೀರ್ತಿ ಸೋರಿದರೆ ಏನಾಗುತ್ತದೆ ಎಂಬುದಕ್ಕೆ ಕುವೈತಿನ ಅರ್ದಿಯಾದ ಗೋದಾಮೊಂದರ ಖರೀದಿ ವಿಭಾಗದಲ್ಲಿ ಕೂತಿರುವ ನಾನೇ ಸಾಕ್ಷಿ. ನಾನು ಕೊಡಗಿನವನು. ಕೊಡಗಿನವನೆಂದರೆ ಕೋವಿ ಹಿಡಿದುಕೊಂಡೇ ಹುಟ್ಟಿದವನೆಂದು ಜನ ನಂಬಿದ್ದಾರೆ. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇರುವುದು ನಿಜ. ನಾನು ಹುಟ್ಟಿದಾಗಲೂ ಹಾರಿಸಿದರಂತೆ. ಆ ಸದ್ದಿಗೆ ಬೆಚ್ಚಿದವನು ಇನ್ನೂ ಸುಧಾರಿಸಿಕೊಂಡಿಲ್ಲ.

ಸೆಪ್ಟೆಂಬರ್ ಮೊದಲ ವಾರ ನಮಗೆ ಕೈಲ್ ಮುಹೂರ್ತದ ಹಬ್ಬ. ಅಂದು ಮನೆಯ ಕೋವಿಗಳ ನಳಿಗೆಗೆ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ನನ್ನ ಸರದಿ ಬಂದ ಕೂಡಲೇ ನನ್ನ ಎರಡೂ ಕಣ್ಣು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಇದುವರೆಗೆ ಒಂದು ಕಾಯಿಗೂ ನನ್ನಿಂದ ಪೆಟ್ಟಾಗಿಲ್ಲ. ಒಮ್ಮೆ ಮಾತ್ರ ಪಕ್ಕದ ಮರದ ಜೇನುಗೂಡು ಬಿತ್ತು. ಆ ವರ್ಷದ ಪಂದ್ಯ ಅಲ್ಲಿಗೇ ಮುಗಿಯಿತು. ಹೆಂಡತಿ ದೇಚಮ್ಮ ಮೈಸೂರಿನಲ್ಲಿ ಬೆಳೆದವಳಾದರೂ ಅದೇ ಪಂದ್ಯದಲ್ಲಿ ಬಹುಮಾನ ಗೆದ್ದಿದ್ದಾಳೆ. ಅದನ್ನು ಅವಳು ನೆನಪಿಸುವುದು ತೀರಾ ಅಪರೂಪ, ವಾರಕ್ಕೆ ಎರಡೇ ಸಲ.

ಇಷ್ಟಿದ್ದೂ ಕುಪ್ಯವೆಂಬ ನಮ್ಮ ಕರಿ ನಿಲುವಂಗಿ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ದೊಡ್ಡಪ್ಪನ ಜೋಡಿನಳಿಗೆ ಕೋವಿ ಹಿಡಿದು ನಿಂತ ನನ್ನ ಫೋಟೋವನ್ನು ಆಫೀಸಿನ ಮೇಜಿನ ಮೇಲಿಟ್ಟುಕೊಂಡಿದ್ದೆ. ಅದು ನಮ್ಮ ಮ್ಯಾನೇಜರ್ ಅಬು ನಾಸೆರ್ ಅವರ ಕಣ್ಣಿಗೆ ಬಿತ್ತು. ಅವರು ಒಳ್ಳೆಯ ಮನುಷ್ಯ, ಕುವೈತಿನವರೇ. ಆಗಷ್ಟೇ ಬೇಟೆಯ ಗೀಳು ಹತ್ತಿತ್ತು. ಗೆಳೆಯರ ಜೊತೆ ಹೊರದೇಶಕ್ಕೆ ಹಕ್ಕಿಬೇಟೆಗೆ ಹೋಗಬೇಕು, ಪರವಾನಗಿಯೂ ಇದೆ. ಆದರೆ ಮನೆಯಾಕೆ ಒಂದೇ ಒಂದು ಕೋವಿಗೆ, ಅದೂ ಅಗ್ಗದ್ದಕ್ಕೆ, ಒಪ್ಪಿಗೆ ಕೊಟ್ಟಿದ್ದರು.

"ಮಿಸ್ಟರ್ ಬೆಳ್ಯಪ್ಪ, ನೀನು ಶಿಕಾರಿ! ನನಗೆ ಹೇಳಲೇ ಇಲ್ಲ!" ಎಂದರು. ನಮ್ಮಿಬ್ಬರ ಮಾತು ಅರ್ಧ ಇಂಗ್ಲಿಷ್, ಅರ್ಧ ಹಿಂದಿ. ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದೇನೆ. "ಬುರ್ಲಿ, ಬೆಳವ, ಕಾಡುಬಾತು, ಮೂರಕ್ಕೂ ಆಗಬೇಕು. ಒಂದೇ ಕೋವಿ. ನೀನೇ ಆರಿಸು. ಯಲ್ಲಾ!"

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಅವರ ಮೇಜಿನ ಮೇಲೆ ನನ್ನ ರಜೆಯ ಅರ್ಜಿ ಇತ್ತು. ಮೂರು ವರ್ಷದಿಂದ ಹಬ್ಬಕ್ಕೆ ಊರು ಕಂಡಿಲ್ಲ. ಈ ಸಲ ಮಗಳು ತಾನೂ ಕಾಯಿಗೆ ಗುಂಡು ಹೊಡೆಯುತ್ತೇನೆಂದು ಹಟ ಹಿಡಿದಿದ್ದಳು. ಕರೆದುಕೊಂಡು ಹೋಗುತ್ತೇನೆಂದು ತಲೆಮುಟ್ಟಿ ಮಾತು ಕೊಟ್ಟಿದ್ದೆ. "ನೋಡೋಣ ಸಾರ್" ಎಂದು ಎದೆಯುಬ್ಬಿಸಿಯೇ ಹೇಳಿದೆ.

ಆ ರಾತ್ರಿಯಿಂದ ಶುರುವಾಯಿತು ನನ್ನ ಗೋಳು. ಬುರ್ಲಿ ಕಾಲಬುಡದಿಂದಲೇ ಭರ್ರೆಂದು ಏಳುತ್ತದೆ. ಅದಕ್ಕೆ ಹಗುರ ಕೋವಿ, ತೋಟೆಯೊಳಗೆ ಸಣ್ಣ ಚರೆ, ಆ ಸೀಸದ ಕಾಳು ಬೇಗ ಹರಡಬೇಕು. ಬಾತು ಎತ್ತರದಲ್ಲಿ ಹಾರುತ್ತದೆ. ಅದಕ್ಕೆ ಉದ್ದ ನಳಿಗೆ, ದಪ್ಪ ಚರೆ, ಹರಡದೆ ದೂರ ಹೋಗಬೇಕು. ಬೆಳವ ಮಾತ್ರ ಇವೆರಡರ ನಡುವೆ ಎಲ್ಲೋ ಹಾರುತ್ತ ನನ್ನ ಪ್ರಾಣ ತಿನ್ನುತ್ತಿತ್ತು. ಓದಿದಷ್ಟೂ ತಲೆ ಕೆಟ್ಟಿತು. ಮೂರೂ ಹಕ್ಕಿ ಒಂದೇ ಎತ್ತರದಲ್ಲಿ ಹಾರಿದ್ದರೆ ದೇವರ ಗಂಟೇನು ಹೋಗುತ್ತಿತ್ತು?

"ಪಪ್ಪಾ, ಜಸ್ಟ್ ಟೆಲ್ ಹಿಮ್ ಯು ಡೋಂಟ್ ನೋ" ಎಂದಳು ಮಗಳು.

ದೇಚಮ್ಮ ಅಡುಗೆಮನೆಯಿಂದಲೇ ಕೇಳಿದಳು: "ಅಲ್ಲಾರೀ, ಮನೆಗೆ ಮಿಕ್ಸಿ ಎಷ್ಟು ತಗೋತೀವಿ?"

"ಒಂದು."

"ಚಟ್ನಿಗೆ, ಪುಡಿಗೆ, ಜ್ಯೂಸಿಗೆ ಜಾರ್ ತಾನೇ ಬದಲಾಯಿಸೋದು? ಟ್ವೆಲ್ವ್ ಬೋರಿನ ಜೋಡಿನಳಿಗೆ ತಗೊಳ್ಳೋಕೆ ಹೇಳಿ. ನಳಿಗೆ ಬಾಯಿಗೆ ತಿರುಗಿಸಿ ಹಾಕೋ ಚೋಕ್ ಬರುತ್ತೆ. ಹಕ್ಕಿ ನೋಡಿ ಬದಲಾಯಿಸಿದ್ರಾಯ್ತು, ಚರೆ ಎಷ್ಟು ಹರಡಬೇಕೋ ಅಷ್ಟು ಹರಡುತ್ತೆ. ಇದಕ್ಕೆ ಇಷ್ಟು ರಾದ್ಧಾಂತವಾ?"

ಮಾರನೆಯ ದಿನ ಅದೇ ಮಾತನ್ನು, ಮಿಕ್ಸಿಯೊಂದನ್ನು ಬಿಟ್ಟು, ನನ್ನದೇ ಅನುಭವವೆಂಬಂತೆ ಅಬು ನಾಸೆರ್ ಅವರಿಗೆ ಒಪ್ಪಿಸಿದೆ. ಅವರು ನನ್ನನ್ನು ತಬ್ಬಿಕೊಂಡರು. ಸಂಜೆಯೇ ಅಂಗಡಿಗೆ ಕರೆದೊಯ್ದರು. ಟರ್ಕಿಯ ಕೋವಿಯೊಂದು ಹೇಳಿ ಮಾಡಿಸಿದಂತೆ ಸಿಕ್ಕಿತು, ಅಗ್ಗವೂ ಆಗಿತ್ತು. ನಾನು ಮನಸ್ಸಿನಲ್ಲೇ ವಿಮಾನ ಹತ್ತಿ ಕೂತಿದ್ದೆ. ಆಗ ಅವರು ಖಾಲಿ ಕೋವಿಯನ್ನು ನನ್ನ ಕೈಗಿಟ್ಟು, "ನಿಮ್ಮ ಕೊಡಗಿನವರು ಗುರಿ ಹಿಡಿಯೋದು ಹೇಗೆ, ತೋರಿಸು" ಎಂದುಬಿಟ್ಟರು.

ಎತ್ತಿದೆ. ಕಣ್ಣುಗಳು ಮುಚ್ಚಿಕೊಂಡವು. ತೋಟೆಯಿಲ್ಲದ ಕೋವಿ ಎಂದು ನನಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಅಂಗಡಿಯವನು ಮುಖ ಆಚೆ ತಿರುಗಿಸಿಕೊಂಡ. ಅಬು ನಾಸೆರ್ ಮಾತ್ರ ಭಕ್ತಿಯಿಂದ ಪಿಸುಗುಟ್ಟಿದರು: "ಸುಭಾನಲ್ಲಾ! ಎರಡೂ ಕಣ್ಣು ಮುಚ್ಚಿ! ರೆಕ್ಕೆಯ ಸದ್ದು ಕೇಳಿಯೇ ಹೊಡೆಯುತ್ತೀರಾ?"

ಇಲ್ಲ ಎನ್ನಲು ಬಾಯಿ ತೆರೆದೆ. ರಜೆಯ ಅರ್ಜಿ ನೆನಪಾಯಿತು. ಮುಚ್ಚಿಕೊಂಡೆ.

ಆ ಶುಕ್ರವಾರ ಅವರು ಗೆಳೆಯರ ಎದುರು ಶೂಟಿಂಗ್ ಕ್ಲಬ್ಬಿನಲ್ಲಿ ಹಾರುವ ಮಣ್ಣಿನ ಬಿಲ್ಲೆಗಳಿಗೆ ಹೊಸ ಕೋವಿ ಹಿಡಿದರು, ಎರಡೂ ಕಣ್ಣು ಮುಚ್ಚಿ. ಒಂದು ಬಿಲ್ಲೆಯೂ ಒಡೆಯಲಿಲ್ಲ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಭಾನುವಾರ ನನ್ನನ್ನು ಕರೆಸಿದಾಗ ನನ್ನ ಜೀವವೇ ಹಾರಿತ್ತು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು, ಅವರು ಬೈಯಲಿಲ್ಲ.

"ಕೋವಿ ಏ ಒನ್. ನಿಮ್ಮ ವಿದ್ಯೆ ಕಷ್ಟದ್ದು, ಒಂದು ದಿನಕ್ಕೆ ಬರೋದಲ್ಲ. ಇನ್ನು ಪ್ರತಿ ಶುಕ್ರವಾರ ನೀನು ಪಕ್ಕದಲ್ಲಿ ನಿಂತು ಕಲಿಸು. ಹಕ್ಕಿ ಬರೋದೇ ಸೆಪ್ಟೆಂಬರಿನಲ್ಲಿ. ರಜೆ ನವೆಂಬರಿನಲ್ಲಿ ತಗೋ. ಖಲಾಸ್!"

ಹಬ್ಬದ ದಿನ ಫಹಾಹೀಲಿನ ನಮ್ಮ ಫ್ಲ್ಯಾಟಿನಲ್ಲಿ ತರಕಾರಿ ಹೆಚ್ಚುವ ಚಾಕುವಿಗೆ ಹೂವಿಟ್ಟು ಪೂಜೆ ಮಾಡಿದೆವು. ಮಗಳು ಬೆಳಗಿನಿಂದ ನನ್ನೊಡನೆ ಯಾವ ಭಾಷೆಯಲ್ಲೂ ಮಾತಾಡಿರಲಿಲ್ಲ. ಅವಳ ಮುಖ ನೋಡಲಾರದೆ ಊರಿಗೆ ವಿಡಿಯೋ ಕರೆ ಮಾಡಿದೆ. ಹಿಂದೆ ಢಂ ಢಂ ಸದ್ದು, ಕೇಕೆ. ಅವಳ ಓರಗೆಯ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ದೊಡ್ಡಪ್ಪ ಫೋನಿಗೆ ಮುಖ ತಂದು, "ಕಟ್ಟಿದ ಕಾಯೆಲ್ಲ ಖಾಲಿಯಾಯ್ತು ಮಾರಾಯ. ನೀನು ಬಂದಿದ್ರೆ ಚಟ್ನಿಗೆ ಒಂದಾದ್ರೂ ಉಳೀತಿತ್ತು!" ಎಂದು ನಕ್ಕರು.

ಮಗಳೂ ನಕ್ಕಳು, ಬೇಡಬೇಡವೆಂದರೂ. ನಾನೂ ನಕ್ಕೆ. ನನಗೆ ತೆಂಗಿನಕಾಯಿ ತಪ್ಪುವುದು ಹೊಸದೇನಲ್ಲ. ಆದರೆ ಗುಂಡನ್ನೇ ಹಾರಿಸದೆ, ಸಮುದ್ರದ ಈಚೆ ದಡದಲ್ಲಿ ಕೂತು, ಮಗಳ ಪಾಲಿನದನ್ನೂ ಸೇರಿಸಿ ತಪ್ಪಿಸಿದ್ದು ಇದೇ ಮೊದಲು.