‘ನಾನೇ ನುಡಿದೆ’ ಗ್ರಂಥದ ಕರ್ತೃಗಳಾದ ಶಾಸಕರಿಗೆ

ಸದನದ ಸಿಂಹ, ಮೂರು ಬಾರಿ ಗೆದ್ದ ಜನನಾಯಕ, ನಾಳೆಯಿಂದ ಗ್ರಂಥಕರ್ತರೂ ಆಗಲಿರುವ ಮಾನ್ಯ ಶಾಸಕರೇ,

ಬಿಟಿಎಂ ಲೇಔಟಿನ ಬಾಡಿಗೆ ಮನೆಯಿಂದ ಮಧುಮತಿ ಮಾಡುವ ಭಕ್ತಿಪೂರ್ವಕ ನಮಸ್ಕಾರಗಳು. ಈಗ ಸಂಜೆ ಏಳು ಗಂಟೆ. ಇವತ್ತು ಕನ್ನಡಕದ ಅಂಗಡಿಯ ಕೆಲಸಕ್ಕೆ ರಜೆ ಹಾಕಿ, ಹೋದ ತಿಂಗಳು ಡೆಂಗ್ಯೂ ಜ್ವರದಲ್ಲಿ ತೀರಿಕೊಂಡ ನನ್ನ ತಮ್ಮ ಬಸವಂತನ ಅಂಗಿಗಳನ್ನು ಒಗೆದು, ಇಸ್ತ್ರಿ ಮಾಡಿ, ಯಾರಿಗೆ ಕೊಡುವುದೆಂದು ತಿಳಿಯದೆ ಮತ್ತೆ ಬೀರುವಿನಲ್ಲೇ ಇಟ್ಟೆ. ಮಧ್ಯಾಹ್ನ ತಮ್ಮ ಆಪ್ತ ಸಹಾಯಕರಾದ ದಿನೇಶ್ ಅವರು ಬಂದು, ನಾಳೆ ಜಯನಗರದಲ್ಲಿ ಬಿಡುಗಡೆಯಾಗುವ ತಮ್ಮ ಭಾಷಣಗಳ ಪುಸ್ತಕದ ಒಂದು ಪ್ರತಿ ಕೊಟ್ಟುಹೋದರು. ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಈ ಪತ್ರವನ್ನು ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೂ ಹಾಕುತ್ತಿದ್ದೇನೆ. ತಮ್ಮ ಕ್ಷೇತ್ರದ ಹೆಸರು ಮಾತ್ರ ಬರೆಯುವುದಿಲ್ಲ; ಅಲ್ಲಿಯ ಜನಕ್ಕೆ ಈಗಾಗಲೇ ಸಾಕಷ್ಟು ಕಷ್ಟಗಳಿವೆ.

ಬಸವಂತ ಯಾರೆಂದು ತಮಗೆ ಮರೆತಿರಬಹುದು. ಅವನು ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವನು. ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆಗಳ ಮೇಲೆಯೇ ಅವನ ಸಂಶೋಧನೆ. ಒಬ್ಬ ಶಾಸಕರ ಜೊತೆ ವರ್ಷವಿಡೀ ಕೆಲಸ ಮಾಡುವ ಫೆಲೋಶಿಪ್ ಸಿಕ್ಕಿದಾಗ, ಕಾನೂನು ಹುಟ್ಟುವ ಜಾಗವನ್ನು ಒಳಗಿನಿಂದಲೇ ನೋಡುತ್ತೇನೆಂದು ನಮ್ಮೂರು ರೋಣದಿಂದ ನನ್ನ ಮನೆಗೆ ಬಂದ. ತಾವು ಅವನಿಗೆ ಎಲ್ಲವನ್ನೂ ತೋರಿಸಿದಿರಿ. ತಮ್ಮ ರೀಲ್ಸ್‌ಗೆ ಫೋನ್ ಹಿಡಿಯುವುದು, ಫ್ಲೆಕ್ಸಿನಲ್ಲಿ ಯಾವ ನಾಯಕರ ಮುಖ ಎಷ್ಟು ದೊಡ್ಡದಿರಬೇಕೆಂದು ಅಳೆಯುವುದು, ಇವೆಲ್ಲ ಯಾವ ವಿಶ್ವವಿದ್ಯಾಲಯವೂ ಕಲಿಸದ ರಾಜ್ಯಶಾಸ್ತ್ರ. ಬಂದವರಿಗೆಲ್ಲ ಅವನನ್ನು “ನಮ್ ಕಂಪ್ಯೂಟರ್ ಹುಡ್ಗ” ಎಂದು ಪರಿಚಯಿಸಿ, ಡಾಕ್ಟರೇಟಿನ ಭಾರವನ್ನು ಅವನ ತಲೆಯಿಂದ ಇಳಿಸಿದಿರಿ. ಹಾಸ್ಟೆಲ್ ಹೆಣ್ಣುಮಕ್ಕಳ ಶೌಚಾಲಯಗಳ ಬಗ್ಗೆ ಅವನು ಬರೆದುಕೊಟ್ಟ ಪ್ರಶ್ನೆಯ ಸರದಿ ಬಂದಾಗ ತಾವು ಮೊಗಸಾಲೆಯಲ್ಲಿ ಗೋಡಂಬಿ ತಿನ್ನುತ್ತಿದ್ದಿರಿ. ಮಂತ್ರಿಗಳಿಗೆ ಉತ್ತರ ಕೊಡುವ ಕಷ್ಟ ತಪ್ಪಿಸುವ ಅಂಥ ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ.

ಈ ಪುಸ್ತಕದಲ್ಲಿರುವ, ತಾವು ಆಡಿದ ಭಾಷಣಗಳನ್ನೆಲ್ಲ ಬರೆದವನು ಅವನೇ. ಎಲ್ಲಿ ನಿಲ್ಲಿಸಬೇಕು, ಯಾವ ಕಡೆ ನೋಡಬೇಕು ಎಂಬುದನ್ನೂ ನಡುನಡುವೆ ಬರೆದುಕೊಡುತ್ತಿದ್ದ. ಒಂದು ಸಂಜೆ ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ನಗತೊಡಗಿದ. “ಯಕ್ಕಾ, ಸಾಹೇಬ್ರು ನೀರು ಕುಡೀಲೇ ಇಲ್ಲ, ‘ಇಲ್ಲಿ ನೀರು ಕುಡಿಯುವುದು’ ಅಂತ ಮೈಕಿನ್ಯಾಗ ಓದಿಬಿಟ್ರು!” ಅಂದ. ಸದನದ ನಡವಳಿಯಲ್ಲಿ ಅದೂ ದಾಖಲಾಗಿ, ಈಗ ತಮ್ಮ ಪುಸ್ತಕದಲ್ಲಿ, ನೀರಾವರಿ ಕುರಿತ ಭಾಷಣದ ಮಧ್ಯೆ, ಅಚ್ಚಾಗಿದೆ. ಇಡೀ ಪುಸ್ತಕದಲ್ಲಿ ಇದನ್ನು ಬೇರೆ ಯಾರೋ ಬರೆದಿದ್ದಾರೆಂದು ಓದುಗರಿಗೆ ಗೊತ್ತಾಗುವ ಸಾಲು ಅದೊಂದೇ. ಎರಡನೇ ಮುದ್ರಣದಲ್ಲಿ ದಯಮಾಡಿ ಅದನ್ನು ತಿದ್ದಬೇಡಿ.

ತಮ್ಮ ಸಂತಾಪ ಸಂದೇಶವೂ ತಲುಪಿತು. ‘ತುಂಬು ಜೀವನ ನಡೆಸಿ, ಮಕ್ಕಳು ಮೊಮ್ಮಕ್ಕಳ ಏಳಿಗೆ ಕಂಡು, ತೃಪ್ತಿಯಿಂದ ತೆರಳಿದ ಹಿರಿಯ ಚೇತನ ಶ್ರೀ ಬಸವಂತ.’ ಅವನಿಗೆ ಮೂವತ್ತೊಂದು ವರ್ಷ, ಮದುವೆ ಆಗಿರಲಿಲ್ಲ. ಆದರೆ ಓದುವಾಗಲೇ ನನಗೆ ಆ ಮಾತುಗಳ ಗುರುತು ಸಿಕ್ಕಿತು. ಹಿರಿಯರು ಸತ್ತರೆ ಒಂದು, ಕಿರಿಯರು ಸತ್ತರೆ ಒಂದು ಎಂದು, ಹೆಸರಿನ ಜಾಗ ಖಾಲಿ ಬಿಟ್ಟು ತಮ್ಮ ಕಚೇರಿಗೆ ಅವನೇ ಬರೆದಿಟ್ಟಿದ್ದ. ಅಡುಗೆಮನೆ ಬಾಗಿಲಲ್ಲಿ ನಿಂತು ನನಗೆ ಓದಿಯೂ ಹೇಳಿದ್ದ. ಸಿಬ್ಬಂದಿಯ ಸಾವಿಗೆ ಅವರ ಕೈಯಿಂದಲೇ ಸಂತಾಪ ಬರೆಸಿಟ್ಟುಕೊಳ್ಳುವಷ್ಟು ಅಚ್ಚುಕಟ್ಟಾದ ಕಚೇರಿ ಇನ್ನೊಂದಿರಲಾರದು. ಆರಿಸುವಾಗ ಮಾತ್ರ ಸ್ವಲ್ಪ ಅವಸರವಾಯಿತು.

ನಾನು ಕೇಳಿದ್ದು ಒಂದೇ. ಪುಸ್ತಕದಲ್ಲಿ ಎಲ್ಲಾದರೂ ಅವನ ಹೆಸರು ಇರಲಿ ಎಂದು. ದಿನೇಶ್ ಅವರು ಬಹಳ ಮರ್ಯಾದೆಯಿಂದ, “ಅಕ್ಕ, ಪ್ರಿಂಟ್ ಆಗೋಗಿದೆ. ಸಾಹೇಬ್ರ ಭಾಷಣಕ್ಕೆ ಬೇರೆಯವ್ರ ಹೆಸ್ರು ಹಾಕಿದ್ರೆ ಏನ್ ಚೆನ್ನಾಗಿರುತ್ತೆ ಹೇಳಿ? ನೀವು ಮುಂದೆ ಕೂತ್ಕೊಳಿ, ಒಂದು ಶಾಲು ಹೊದಿಸ್ತೀವಿ, ಫೋಟೋ ಬರುತ್ತೆ” ಎಂದರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, “ಅಕ್ಕ, ನಾಳೆ ಸಾಹೇಬ್ರು ಮಾತಾಡೋಕೆ ಎರಡು ಪುಟ ಬೇಕಿತ್ತು. ಡಾಕ್ಟ್ರು ಏನಾದ್ರೂ ಬರ್ದಿಟ್ಟಿದ್ರಾ?” ಎಂದರು. ಸತ್ತ ಮೇಲೂ ಇಷ್ಟು ಬೇಡಿಕೆಯಿರುವ ವಿದ್ವಾಂಸನ ಅಕ್ಕನೆಂದು ನನಗೆ ಹೆಮ್ಮೆಯಾಯಿತು. ಪುಸ್ತಕದ ಹೆಸರೇ ‘ನಾನೇ ನುಡಿದೆ’ ಎಂದಿರುವಾಗ, ಅದರ ಕರ್ತೃಗಳು ತಮ್ಮದೇ ಎರಡು ಮಾತು ಆಡಲಿ ಎಂದು ಸಭಿಕರು ಆಶಿಸಿದರೆ ತಪ್ಪಾಗಲಾರದು.

ತಾವು ಓದಿದ ಪ್ರತಿಯೊಂದು ಮಾತಿನ ಮೇಲೂ ಇವತ್ತಿಗೂ ವಿಶ್ವಾಸವಿಟ್ಟಿರುವ,
ತಮ್ಮ ವಿಶ್ವಾಸಿ,
ಮಧುಮತಿ

ಮರೆತ ಮಾತು: ಆ ಎರಡು ಪುಟಗಳನ್ನು ಬಸವಂತ ಬರೆದಿಟ್ಟಿದ್ದಾನೆ, ಜ್ವರ ಬರುವ ಮೊದಲೇ. ತಾವು ಯಾರಿಗೆಲ್ಲ ಕೃತಜ್ಞತೆ ಹೇಳಬೇಕೆಂದು ಅದರಲ್ಲಿದೆ. ಪಕ್ಷದ ಹಿರಿಯರಿದ್ದಾರೆ, ಪುಸ್ತಕ ಅಚ್ಚು ಹಾಕಿದವರಿದ್ದಾರೆ, ತಮ್ಮ ಡ್ರೈವರ್ ಇದ್ದಾರೆ, ದಿನೇಶ್ ಇದ್ದಾರೆ. ತನ್ನ ಹೆಸರನ್ನು ಮಾತ್ರ ಅವನು ಬರೆದಿಲ್ಲ. ಅದಕ್ಕಾಗಿಯೇ ಕೊಡಲಾರೆ. ನಾಳೆ ಹನ್ನೊಂದು ಗಂಟೆಗೆ ಸಮಾರಂಭ. ಅವನ್ನು ಕೈಚೀಲದಲ್ಲಿಟ್ಟುಕೊಂಡು ಮೊದಲನೇ ಸಾಲಿನಲ್ಲಿ ಕೂತಿರುತ್ತೇನೆ.