ಒಂಟಿಕಾಲಿನ ಗ್ಲೋರಿಯಾ

ಎರಡು ಕಾಲುಗಳಿದ್ದಷ್ಟು ದಿನ ನಮ್ಮ ಮಾಮ ಸಾಧಾರಣ ಮನುಷ್ಯನೇ ಆಗಿದ್ದ. ಒಂದು ಕಾಲು ಹೋದ ಮೇಲೆ ಅವನನ್ನು ಹಿಡಿಯುವವರೇ ಇಲ್ಲದಂತಾಯಿತು!

ಮಾಮ ಎಂದರೆ ನನ್ನ ತಾಯಿಯ ತಮ್ಮ. ಬೆಳ್ತಂಗಡಿಯಲ್ಲಿ ಮನೆ. ವಾರದ ಆರು ದಿನ ಕಕ್ಕಿಂಜೆಯ ಒಂದು ಮರದ ಡಿಪೋದಲ್ಲಿ ದಿಮ್ಮಿ ಅಳೆಯುವ ಕೆಲಸ; ಭಾನುವಾರ ಇಗರ್ಜಿಯಲ್ಲಿ ಹಾರ್ಮೋನಿಯಂ ನುಡಿಸುವ ಸೇವೆ. ನನಗೆ ಹತ್ತು ವರ್ಷವಾಗಿದ್ದಾಗ, ಐವತ್ತರ ದಶಕದ ನಡುವಿನಲ್ಲಿ, ಅಳೆಯುತ್ತಿದ್ದ ದಿಮ್ಮಿಯೇ ಉರುಳಿ ಅವನ ಎಡಗಾಲಿನ ಮೇಲೆ ಬಂತು. ಮೂರು ತಿಂಗಳು ಮಂಗಳೂರಿನ ಆಸ್ಪತ್ರೆಯಲ್ಲಿದ್ದು, ಮೊಣಕಾಲಿನಿಂದ ಕೆಳಗೆ ಏನೂ ಇಲ್ಲದೆ, ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ಊರಿಗೆ ಮರಳಿದ.

ಸಮಾಧಾನ ಹೇಳಲು ಜನ ಸಾಲುಗಟ್ಟಿ ಬಂದರು. ಹೆಂಗಸರು ಮೆಟ್ಟಿಲು ಹತ್ತುವಾಗಲೇ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಮೊದಲ ದಿನ ಮಾಮ ಸಹಿಸಿಕೊಂಡ. ಎರಡನೆಯ ದಿನ ನನ್ನ ತಾಯಿ ಮತ್ತು ನೆರೆಮನೆಯ ಮೂವರು ಒಟ್ಟಿಗೆ ಗೋಳೋ ಎಂದಾಗ ಕೈ ಎತ್ತಿ ನಿಲ್ಲಿಸಿದ.

“ಅಳುವುದಾದರೆ ಶ್ರುತಿಯಲ್ಲಿ ಅಳಿ ಮಾರಾಯ್ತಿಯರೇ. ನಾಲ್ಕು ಜನ ನಾಲ್ಕು ಸ್ವರದಲ್ಲಿ ಅತ್ತರೆ ಕೇಳ್ಲಿಕ್ಕೆ ಆಗುವುದಿಲ್ಲ.”

ಅಷ್ಟು ಹೇಳಿ ಸುಮ್ಮನಾದನೇ? ಗಂಟಲು ಸರಿಮಾಡಿಕೊಂಡು ಶ್ರುತಿ ಹಿಡಿದು ತೋರಿಸಿದ! ಅಳುವುದೋ ನಗುವುದೋ ತಿಳಿಯದೆ ಅವರು ಅದೇ ಸ್ವರ ಹಿಡಿದರು. ಆ ವರ್ಷದ ಕ್ರಿಸ್ಮಸ್‌ಗೆ ಆ ನಾಲ್ವರೂ ಇಗರ್ಜಿಯ ಗಾಯನ ಮಂಡಳಿಯಲ್ಲಿದ್ದರು. ನನ್ನ ತಾಯಿ ಹಾಡಬಲ್ಲಳೆಂಬುದು ನನ್ನ ತಂದೆಗೇ ಗೊತ್ತಿರಲಿಲ್ಲ!

ಮುಂದಿನ ಗಲಾಟೆ ಚಪ್ಪಲಿಯದ್ದು. ಮಾಮನಿಗೆ ಬೇಕಾದದ್ದು ಬಲಗಾಲಿನದ್ದು ಮಾತ್ರ. ಮೂಡಬಿದಿರೆಯ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಒಂದೇ ಚಪ್ಪಲಿ ಕೊಡಿ ಎಂದು ಕೇಳಿದ. ಉಳಿದದ್ದನ್ನು ನಾನು ಯಾರಿಗೆ ಕೊಡಲಿ ಎಂದು ಅಂಗಡಿಯವರು ಕೈಮುಗಿದರು. ಜೋಡಿ ತೆಗೆದುಕೊಂಡು ಒಂದನ್ನು ಮನೆಯಲ್ಲಿಡಬಾರದೇ ಎಂದರೆ, ದೇವರು ಸೃಷ್ಟಿಸಿದ ಒಂದು ಒಂಟಿ ಎಡಗಾಲು ಎಲ್ಲೋ ಚಪ್ಪಲಿಯಿಲ್ಲದೆ ನಡೆಯುತ್ತಿರುವಾಗ ನಾನು ಚಪ್ಪಲಿಯನ್ನು ಮೂಲೆಯಲ್ಲಿ ಕೊಳೆಸಲೇ ಎಂಬುದು ಅವನ ವಾದ. ಹುಚ್ಚು ಎಂದರು ಎಲ್ಲರೂ. ಆದರೆ ಊರಿಗೆ ಹಿಂದಿರುಗುವಾಗ ಬಸ್ಸಿನಲ್ಲಿ ಎದುರಿನ ಸೀಟಿನಲ್ಲಿದ್ದವನು ಯಾರು ಗೊತ್ತೇ? ವೇಣೂರಿನ ಕಡೆಯ, ಕಳ್ಳು ಇಳಿಸುವ ಒಬ್ಬ ಮೂರ್ತೆದಾರ. ತಾಳೆಮರದಿಂದ ಬಿದ್ದು ಬಲಗಾಲು ಕಳೆದುಕೊಂಡವನು! ಮಾಮ ತುಂಬಿದ ಬಸ್ಸಿನಲ್ಲೇ ಶಿಲುಬೆಯ ಗುರುತು ಹಾಕಿ, ನಮ್ಮ ಕೊಂಕಣಿಯಲ್ಲಿ ದೇವರಿಗೆ ದೊಡ್ಡದಾಗಿ ಕೃತಜ್ಞತೆ ಹೇಳಿದ. ಮೂರ್ತೆದಾರ ಗಾಬರಿಯಾಗಿ ಇಳಿಯಲು ನೋಡಿದನಂತೆ. ಇಳಿಯುವುದು ಹೇಗೆ, ಪಾಪ, ಮಾಮ ಅವನ ಊರುಗೋಲನ್ನು ಹಿಡಿದುಕೊಂಡಿದ್ದ!

ಅಂದಿನಿಂದ ಇಬ್ಬರೂ ಸೇರಿ ಒಂದೇ ಜೋಡಿ ಕೊಳ್ಳತೊಡಗಿದರು. ತೊಂದರೆ ಒಂದೇ: ಮಾಮನ ಪಾದ ಚಿಕ್ಕದು, ಅವನದ್ದು ದೊಡ್ಡದು. ಕೊನೆಗೆ ನಡುವಿನ ಅಳತೆಗೆ ಒಪ್ಪಿಕೊಂಡರು. ಒಬ್ಬನಿಗೆ ಸಡಿಲ, ಇನ್ನೊಬ್ಬನಿಗೆ ಬಿಗಿ. ಹತ್ತು ವರ್ಷ ಇಬ್ಬರೂ ಹಾಗೆಯೇ ನಡೆದರು, ಒಂದು ದಿನವೂ ದೂರು ಹೇಳಲಿಲ್ಲ.

ಆದರೆ ನಿಜವಾದ ಕಷ್ಟ ಇದ್ದದ್ದು ಇಗರ್ಜಿಯಲ್ಲಿ. ಅಲ್ಲಿಯ ಹಾರ್ಮೋನಿಯಂ ಎರಡೂ ಕಾಲುಗಳಿಂದ ತುಳಿದು ಗಾಳಿ ತುಂಬುವಂಥದ್ದು. ಮಾಮ ಒಂದೇ ಕಾಲಿನಲ್ಲಿ ತುಳಿದ. ಪೂಜೆಯಲ್ಲಿ ಹಾಡುವ ಸ್ತೋತ್ರದ ಗ್ಲೋರಿಯಾ ಎಂಬ ಪದ ಗ್ಲೋ ಎಂದು ಶುರುವಾಗಿ, ನಡುವೆ ಉಸಿರುಗಟ್ಟಿ, ಸ್ವಲ್ಪ ಹೊತ್ತಾದ ಮೇಲೆ ರಿಯಾ ಎಂದು ಮುಗಿಯಿತು. ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಪಾದ್ರಿಗಳು ಮೆಲ್ಲನೆ ಹೇಳಿದರು. ಮಾಮ ಮನೆಗೆ ಬಂದು ಅಂದು ಊಟ ಮಾಡಲಿಲ್ಲ. ಕಾಲು ಹೋದದ್ದಕ್ಕಿಂತ ಅವನನ್ನು ಹೆಚ್ಚು ನೋಯಿಸಿದ ಮಾತು ಅದು.

ಮುಂದಿನ ಭಾನುವಾರ ಮಾಮಿ, ಅಂದರೆ ಅವನ ಹೆಂಡತಿ, ಯಾರನ್ನೂ ಕೇಳದೆ ಗಂಡನ ಪಕ್ಕ ಬೆಂಚಿನಲ್ಲಿ ಕುಳಿತಳು. ಎಡಗಡೆಯ ತುಳಿಹಲಗೆಯನ್ನು ತುಳಿದಳು. ಸ್ವರ ಇಗರ್ಜಿಯ ಮಾಡು ಮುಟ್ಟುವಂತೆ ಎದ್ದಿತು. ಪಾದ್ರಿಗಳು ಹಿಂದಿರುಗಿ ನೋಡಿ, ನೋಡದವರಂತೆ ಪೂಜೆ ಮುಂದುವರಿಸಿದರು.

ಇದರಿಂದ ಊರಿಗೆ ಇನ್ನೊಂದು ಅನುಕೂಲವಾಯಿತು. ಗಂಡಹೆಂಡಿರು ಜಗಳವಾಡಿ ಬಂದ ದಿನ ಮಾಮಿ ಸಿಟ್ಟಿನಿಂದ ತುಳಿಯುತ್ತಿದ್ದಳು, ಹಾಡು ಗುಡುಗುತ್ತಿತ್ತು. ಮುನಿಸಿಕೊಂಡ ದಿನ ತುಳಿಯುತ್ತಲೇ ಇರಲಿಲ್ಲ. ಹಾಡು ಏದುಸಿರು ಬಿಡುತ್ತಿತ್ತು. ಆ ಮನೆಯಲ್ಲಿ ಬೆಳಿಗ್ಗೆ ಏನಾಯಿತೆಂದು ತಿಳಿಯಲು ಯಾರೂ ಬಾಗಿಲಿಗೆ ಕಿವಿಗೊಡಬೇಕಾಗಿರಲಿಲ್ಲ. ಗ್ಲೋರಿಯಾ ಮುಗಿಯುವುದರೊಳಗೆ ಇಡೀ ಇಗರ್ಜಿಗೆ ಗೊತ್ತಾಗುತ್ತಿತ್ತು!

ಅರುವತ್ತರ ದಶಕದ ನಡುವೆ ನಾನು ಮದುವೆಯಾಗಿ ಬಂಟ್ವಾಳಕ್ಕೆ ಬಂದೆ. ಎರಡನೆಯ ವರ್ಷ ಒಂದು ಹೆಣ್ಣುಮಗು ಹುಟ್ಟಿತು. ಎಂಟು ದಿನ ಬದುಕಿತು.

ಬಂದವರೆಲ್ಲ ದೇವರ ಚಿತ್ತ ಎಂದರು. ಆ ಮಾತು ಕೇಳಿದ ಕೂಡಲೇ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಇಗರ್ಜಿಗೆ ಹೋಗುವುದನ್ನು ಬಿಟ್ಟೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಮಾಮ ಬಿ.ಸಿ.ರೋಡಿನಲ್ಲಿ ಬಸ್ಸಿಳಿದು, ಏರು ಹತ್ತಿ ನಮ್ಮ ಮನೆಗೆ ಬಂದ. ತಮಾಷೆ ಮಾಡುತ್ತಾನೇನೋ ಎಂದು ನನಗೆ ಹೆದರಿಕೆ. ಅವನು ಜಗಲಿಯಲ್ಲಿ ಕುಳಿತ. ಮಧ್ಯಾಹ್ನದವರೆಗೆ ಒಂದು ಮಾತಿಲ್ಲ. ಕೊನೆಗೆ ನಾನೇ ಕೇಳಿದೆ.

“ಮಾಮ, ನಿನಗೆ ದೇವರ ಮೇಲೆ ಸಿಟ್ಟೇ ಬರಲಿಲ್ಲವಾ?”

“ಬಾರದೆ ಇರ್ತದಾ? ಆಸ್ಪತ್ರೆಯಲ್ಲಿ ಜಪಸರವನ್ನು ಗೋಡೆಗೆ ಬಿಸಾಡಿದ್ದೇನೆ.”

ಪಕ್ಕದ ಹಾಸಿಗೆಯಲ್ಲಿ ಕೈ ಮುರಿದುಕೊಂಡ ಒಬ್ಬ ಬ್ಯಾರಿ ಮುಸ್ಲಿಂ ಅಜ್ಜ ಇದ್ದರಂತೆ. ಅವರು ಎದ್ದು ಹೋಗಿ ಜಪಸರ ಹೆಕ್ಕಿ, ಮಾತಾಡದೆ ಮಾಮನ ಮಂಚಕ್ಕೆ ತೂಗುಹಾಕಿದರಂತೆ. ಮರುದಿನ ಇವನು ಮತ್ತೆ ಬಿಸಾಡಿದ. ಅವರು ಮತ್ತೆ ತೂಗುಹಾಕಿದರು. ಹೀಗೆಯೇ ಹತ್ತು ದಿನ. ಹನ್ನೊಂದನೆಯ ಬೆಳಿಗ್ಗೆ ಮಾಮ ಕೈ ಎತ್ತುವಾಗ ನೋಡಿದರೆ, ಅಜ್ಜ ಮೊದಲೇ ಹೋಗಿ ಗೋಡೆಯ ಹತ್ತಿರ ಕಾಯುತ್ತ ನಿಂತಿದ್ದಾರೆ!

“ನನಗೆ ನಗು ಬಂತು. ಕಾಲು ಹೋದ ಮೇಲೆ ಅದೇ ಮೊದಲು. ಪ್ರಾರ್ಥನೆ ಬಂದದ್ದು ಅದರ ನಂತರ, ಮಗಾ” ಎಂದ ಮಾಮ. ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡು, “ಪ್ರಾರ್ಥನೆ ಮಾಡು ಅಂತ ಹೇಳ್ಲಿಕ್ಕೆ ನಾನು ಬಂದದ್ದಲ್ಲ. ಸುಮ್ಮನೆ ಬಂದೆ. ನಾಳೆಯೂ ಬರ್ತೇನೆ” ಎಂದ.

ಬಂದ. ಅದರ ಮರುದಿನವೂ ಬಂದ. ಬರುವುದು, ಕುಳಿತುಕೊಳ್ಳುವುದು, ಸಂಜೆಯ ಬಸ್ಸಿಗೆ ಹೋಗುವುದು. ಆರನೆಯ ದಿನ ಬಸ್ಸು ತಡವಾಯಿತು. ಯಾವಾಗ ಎದ್ದು ಹೋದೆನೋ ತಿಳಿಯದು, ನಾನು ಅಂಗಳದ ಕೊನೆಯಲ್ಲಿ ನಿಂತು ದಾರಿ ನೋಡುತ್ತಿದ್ದೆ. ಏರಿನ ಕೆಳಗಿನಿಂದ ಅವನು ಕುಂಟುತ್ತ ಬರುವುದು ಕಂಡಿತು. ಒಳಗೆ ಹೋಗಿ ಎರಡು ಬಟ್ಟಲಿಗೆ ಗಂಜಿ ಬಡಿಸಿದೆ. ಮಗು ಹೋದ ಮೇಲೆ ನಾನು ಕುಳಿತು ಉಂಡದ್ದು ಅಂದೇ ಮೊದಲು.