ಹೀರೋನ ಮುಖ ಯಾರೂ ನೋಡಲಿಲ್ಲ

ಐರ್ಲೆಂಡಿನ ಕಾರ್ಕ್‌ನಲ್ಲಿ ನಾವು ಕನ್ನಡಿಗರು ಸೇರಿ ಏನು ಮಾಡಹೊರಟರೂ ಒಂದು ಎಡವಟ್ಟು ಆಗಿಯೇ ತೀರುತ್ತದೆ. ನನಗಂತೂ ಅಭ್ಯಾಸವಾಗಿ ಹೋಗಿದೆ. ಬಯಲಿನಲ್ಲಿ ಕಾರೊಳಗೇ ಕೂತು ನೋಡುವ, ಅಮೆರಿಕದಲ್ಲಿ ಹುಟ್ಟಿದ ಡ್ರೈವ್-ಇನ್ ಸಿನಿಮಾ, ವರ್ಷವಿಡೀ ಮಳೆ ಸುರಿಯುವ ಈ ಊರಿಗೆ ಯಾಕೆ ಬಂತೋ ದೇವರೇ ಬಲ್ಲ. ಕೋವಿಡ್ ಕಾಲದಲ್ಲಿ ಟಾಕೀಸುಗಳಿಗೆ ಬೀಗ ಬಿದ್ದಾಗ, ಊರಂಚಿನ ಲಿಟಲ್ ಐಲ್ಯಾಂಡ್‌ನ ಒಂದು ಪಾರ್ಕಿಂಗ್ ಜಾಗದಲ್ಲಿ ವಯಸ್ಸಾದ ಐರಿಷ್ ದಂಪತಿ ಗಾಳಿ ತುಂಬುವ ಪರದೆಯೊಂದನ್ನು ಎಬ್ಬಿಸಿದರು. ಮಾತು, ಹಾಡು ಎಲ್ಲ ಕಾರಿನ ರೇಡಿಯೊದಲ್ಲಿ. ಕೋವಿಡ್ ಹೋದರೂ ಜನ ಬಿಡಲಿಲ್ಲ. ಕಾರಿನೊಳಗೆ ಚಿತ್ರಾನ್ನ ತಿಂದರೆ, ಮಗು ಅತ್ತರೆ, ಬೈಯುವವರಿಲ್ಲವಲ್ಲ!

೧. ಫಸ್ಟ್ ಶೋ

ನಮ್ಮ ಮೊದಲ ಕನ್ನಡ ಸಿನಿಮಾ ಜೂನ್ ತಿಂಗಳಲ್ಲಿ. ಸಂಜೆ ಆರೂವರೆಗೆ ಅಂತ ನಾನೇ ಎಲ್ಲರಿಗೂ ಮೆಸೇಜ್ ಹಾಕಿದ್ದೆ. "ಆಗ ಇನ್ನೂ ಬೆಳಕಿರುತ್ತಲ್ಲ?" ಅಂದರು ಪರದೆಯ ಐರಿಷ್ ಯಜಮಾನರು. "ಪರವಾಗಿಲ್ಲ, ನಮ್ಮಲ್ಲಿ ಫಸ್ಟ್ ಶೋ ಆರೂವರೆಗೇ" ಅಂದೆ. ಇಲ್ಲಿ ಜೂನಿನಲ್ಲಿ ಹತ್ತಾದರೂ ಕತ್ತಲಾಗುವುದಿಲ್ಲ. ಅಪರೂಪಕ್ಕೆ ಆ ದಿನ ಮಳೆಯೂ ಇಲ್ಲ, ಸುಡುಸುಡು ಬಿಸಿಲು. ಪರದೆಯ ಮೇಲೆ ಯಾರ ಮೂಗೂ ಕಾಣಲಿಲ್ಲ.

ಮುಗಿದ ಮೇಲೆ ನನ್ನ ಮೈಸೂರಿನ ಗೆಳೆಯ ಬಂದು, "ಸಿನಿಮಾ ಚೆನ್ನಾಗಿ ಕೇಳಿಸ್ತು ಕಣೋ" ಅಂದ.

೨. ಸ್ಯಾಂಡ್‌ವಿಚ್

ಯಜಮಾನರ ಹೆಂಡತಿ ಪ್ರತಿ ಕಾರಿನ ಹತ್ತಿರ ಬಂದು, ಬಟ್ಟೆಯಿಂದ ಗಾಜು ಒರೆಸಿ, "ಎಲ್ಲ ಗ್ರ್ಯಾಂಡಾ?" ಅಂತ, ಅಂದರೆ ಎಲ್ಲ ಚೆನ್ನಾಗಿದೆಯಾ ಅಂತ, ಕೇಳುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಸ್ವಂತದವರು ಹೋದಷ್ಟು ಸಂಕಟವಾಯಿತು ನನಗೆ. ಸಮಾಧಾನ ಹೇಳಲು ಹೋದರೆ, ಯಜಮಾನರು ಸ್ಯಾಂಡ್‌ವಿಚ್ ತಟ್ಟೆ ಹಿಡಿದು ನಿಂತಿದ್ದಾರೆ. ಸಾವಿನ ಮನೆಯಲ್ಲಿ ತಿನ್ನಬಾರದು ಅನ್ನುವವರು ನಾವು, ತಿನ್ನದಿದ್ದರೆ ನೊಂದುಕೊಳ್ಳುವವರು ಅವರು. ಧರ್ಮಸಂಕಟ. ಕೊನೆಗೆ ಜೊತೆಗೆ ಬಂದಿದ್ದ ಮೈಸೂರಿನ ಗೆಳೆಯನೇ ಕೈಹಾಕಿ, ಒಂದರ ಹಿಂದೊಂದು ಆರು ಮುಗಿಸಿದ.

"ಏನೋ ಇದು?" ಅಂದೆ ಮೆಲ್ಲಗೆ.

"ಮನೆಗೆ ಹೋಗಿ ಹೆಂಗೂ ಸ್ನಾನ ಮಾಡ್ಬೇಕು. ಒಂದಾದ್ರೇನು, ಆರಾದ್ರೇನು?"

೩. ಎಂಟ್ರಿ

"ಅವಳಿಲ್ಲದೆ ನನಗೆ ಇದು ಬೇಡ. ನಿಮ್ಮದೇ ಕೊನೆಯ ಶೋ. ಆಮೇಲೆ ಪರದೆ ಮಾರಿಬಿಡ್ತೀನಿ" ಅಂದರು ಯಜಮಾನರು. ಅದೇ ವರ್ಷದ ನವೆಂಬರ್ ತಿಂಗಳು, ಐದಕ್ಕೇ ಕತ್ತಲು, ಜಿಟಿಜಿಟಿ ಮಳೆ. ಹಿಂದುಗಡೆ ತಮ್ಮ ಹಳೇ ವ್ಯಾನಿನಲ್ಲಿ ಸಿನಿಮಾ ಓಡಿಸುವ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬರೇ ಕೂತರು. ನನಗೆ ಅತ್ತ ತಿರುಗಿ ನೋಡಲಾಗಲಿಲ್ಲ.

ಪರದೆಯ ಮೇಲೆ ಹೀರೋನ ಬೂಟು ಬಂತು. ಊರಿನ ಟಾಕೀಸಾದರೆ ಶಿಳ್ಳೆ ಹೊಡೆಯಬಹುದು, ಚೂರುಕಾಗದ ತೂರಬಹುದು. ಕಾರಿನಲ್ಲಿ ಕೂತು ಏನು ಮಾಡುವುದು? ಅಷ್ಟೂ ಜನ ಹಾರ್ನ್ ಒತ್ತಿ ಹೆಡ್‌ಲೈಟಿನ ಹೈ ಬೀಮ್ ಹಾಕಿದರು. ಪರದೆ ಬೆಳ್ಳಗಾಯಿತು. ಹೀರೋ ಬಂದದ್ದು ಯಾರಿಗೂ ಕಾಣಲಿಲ್ಲ.

ಯಜಮಾನರು ಗಾಬರಿಯಿಂದ ಓಡಿಬಂದರು. "ಏನಾಯ್ತು?"

"ಹೀರೋ ಎಂಟ್ರಿ. ಸ್ವಲ್ಪ ಹಿಂದಕ್ಕೆ ಹಾಕ್ತೀರಾ?" ಅಂದೆ.

ಹಾಕಿದರು. ಬೂಟು ಬಂತು. ಮತ್ತೆ ಹಾರ್ನ್, ಮತ್ತೆ ಲೈಟು. ಈ ಸಲ ಅವರು ಮಳೆಯಲ್ಲೇ ಪರದೆಯ ಮುಂದೆ ನಿಂತು, "ಯಾರೂ ಲೈಟ್ ಮುಟ್ಟಬಾರದು!" ಅಂತ ಗದರಿ, ವ್ಯಾನಿಗೆ ಹೋಗಿ ಮತ್ತೆ ಹಿಂದಕ್ಕೆ ಹಾಕಿದರು. ನಾವು ಕೈಕಟ್ಟಿ ಕೂತೆವು. ಬೂಟು ಬಂತು, ಬೆಲ್ಟು ಬಂತು, ಇನ್ನೇನು ಮುಖ ಕಾಣಬೇಕು, ಅಷ್ಟರಲ್ಲಿ ಹಿಂದಿನಿಂದ ಒಂದು ಉದ್ದನೆಯ ಹಾರ್ನು, ಕಣ್ಣು ಕುಕ್ಕುವ ಲೈಟು. ಯಜಮಾನರ ವ್ಯಾನು!

ಓಡಿಹೋಗಿ ನೋಡಿದರೆ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಬಿದ್ದುಬಿದ್ದು ನಗುತ್ತಿದ್ದಾರೆ. ಕಣ್ಣೊರೆಸಿಕೊಂಡು ಅಂದರು: "ಪರದೆ ಮಾರಲ್ಲ. ಮುಂದಿನ ವರ್ಷವೂ ಬನ್ನಿ. ಸಿನಿಮಾ ತರಲೇಬೇಕು ಅಂತೇನಿಲ್ಲ."